ಗ್ರಾಮಸಭೆಗೆ ಮುಂಚೆ ಜಗಲಿ ಸಭೆ: ಕೇರಿ, ಹಾಡಿ, ತಾಂಡಾದವರ ಮಾತನ್ನು ಊರ ತೀರ್ಮಾನದಲ್ಲಿ ಸೇರಿಸುವುದು ಹೇಗೆ

ನಮ್ಮ ಮಲೆನಾಡಿನ ಊರುಗಳಲ್ಲಿ ಎರಡೆರಡು ಸಭೆ ನಡೆಯುತ್ತವೆ. ಒಂದು, ಪಂಚಾಯ್ತಿಯವರು ನೋಟಿಸ್ ಹಾಕಿ ಕರೆಯುವ ಗ್ರಾಮಸಭೆ. ಇನ್ನೊಂದಕ್ಕೆ ನೋಟಿಸ್ ಇಲ್ಲ. ದೇವಸ್ಥಾನದ ಅಂಗಳದಲ್ಲೋ, ಹಿರಿಯರೊಬ್ಬರ ಮನೆ ಜಗಲಿಯಲ್ಲೋ, ಸೊಸೈಟಿ ಮುಂದೆಯೋ ಐದಾರು ಜನ ಕೂತು ಮಾತಾಡಿ ಮುಗಿಸುತ್ತಾರೆ. ಕಾಲುಸಂಕ (ಹಳ್ಳ ದಾಟುವ ಕಿರು ಸೇತುವೆ) ಯಾವ ಹಳ್ಳಕ್ಕೆ, ರಸ್ತೆ ಯಾರ ಮನೆ ತನಕ, ಜಾತ್ರೆ ವಂತಿಗೆ ಎಷ್ಟು, ಮನೆ ಪಟ್ಟಿಗೆ ಯಾರ ಹೆಸರು, ಎಲ್ಲ ಅಲ್ಲೇ ನಿರ್ಧಾರ ಆಗಿರುತ್ತದೆ. ಮಾರನೇ ದಿನ ಗ್ರಾಮಸಭೆಯಲ್ಲಿ ಅದನ್ನೇ ಓದುತ್ತಾರೆ, ಸಹಿ ಹಾಕಿಸುತ್ತಾರೆ.

ಗ್ರಾಮಸಭೆಯ ಬಾಗಿಲನ್ನು ಕಾನೂನು ತೆಗೆಸಿದೆ. ನಮ್ಮ ರಾಜ್ಯದಲ್ಲಿ 1987ರ ಚುನಾವಣೆಯಲ್ಲೇ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿತ್ತು, ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವುದಕ್ಕೂ ಮುಂಚೆ. ಈಗ ಪಂಚಾಯ್ತಿಯಲ್ಲಿ ಅರ್ಧ ಸ್ಥಾನ ಹೆಂಗಸರದ್ದು. ಪರಿಶಿಷ್ಟ ಜಾತಿ, ಪಂಗಡಕ್ಕೆ ಜನಸಂಖ್ಯೆಗೆ ತಕ್ಕ ಸ್ಥಾನ ಇದೆ. ಆದರೂ ಕೇರಿಯವರ ಚರಂಡಿ ಪ್ರತಿ ವರ್ಷ ಪಟ್ಟಿಯ ಕೊನೆಯಲ್ಲೇ ಉಳಿಯುತ್ತದೆ. ಯಾಕೆ ಅಂದರೆ ಜಗಲಿ ಸಭೆಗೆ ಅವರನ್ನು ಯಾರೂ ಕರೆದಿಲ್ಲ. ಎರಡೂ ಕಡೆ ಒಟ್ಟಿಗೆ ಕೆಲಸ ಮಾಡದಿದ್ದರೆ ಪ್ರಯೋಜನ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಂಚಾಯ್ತಿ ಸದಸ್ಯರು, ಸ್ವಸಹಾಯ ಸಂಘದವರು, ಊರಿನ ಯುವಕ ಸಂಘದವರು, ಸುಮ್ನೆ ಊರಿನ ಬಗ್ಗೆ ಕಾಳಜಿ ಇರುವವರು, ಯಾರು ಬೇಕಾದರೂ ಈ ಕೆಲಸ ಶುರು ಮಾಡಬಹುದು.

ತೀರ್ಮಾನ ಎಲ್ಲಿ ಆಗುತ್ತಿದೆ ಅಂತ ಮೊದಲು ಕಂಡುಹಿಡಿಯಿರಿ

ಪಂಚಾಯ್ತಿಗೆ ಹೋಗಿ ಕಳೆದ ವರ್ಷದ ಕ್ರಿಯಾ ಯೋಜನೆಯ ಪ್ರತಿ ಕೇಳಿ. ಅದರಲ್ಲಿ ನಿಮ್ಮ ವಾರ್ಡಿನ ಎರಡು ಮೂರು ಕಾಮಗಾರಿ ಆರಿಸಿಕೊಳ್ಳಿ. ಈ ಕೆಲಸ ಬೇಕು ಅಂತ ಮೊದಲು ಬಾಯಿ ಬಿಟ್ಟವರು ಯಾರು, ಎಲ್ಲಿ ಕೂತು ಹೇಳಿದರು, ಆಗ ಅಲ್ಲಿ ಬೇರೆ ಯಾರಿದ್ದರು ಅಂತ ವಿಚಾರಿಸುತ್ತಾ ಹೋಗಿ. ಜಗಳದ ಧ್ವನಿಯಲ್ಲಿ ಕೇಳಬೇಡಿ, ಚಹಾ ಕುಡಿಯುತ್ತಾ ಕೇಳಿದರೆ ಎಲ್ಲರೂ ಹೇಳುತ್ತಾರೆ. ಯಾವ ಜಗಲಿ, ಯಾವ ಅಂಗಡಿ ಕಟ್ಟೆ ಅನ್ನುವುದು ಬೇಗ ಗೊತ್ತಾಗುತ್ತದೆ.

ಆಮೇಲೆ ಯಾರನ್ನು ಯಾರೂ ಕೇಳಲಿಲ್ಲವೋ ಆ ಮನೆಗಳನ್ನು ಬರೆದುಕೊಳ್ಳಿ. ನಮ್ಮ ಕಡೆ ಅದು ಹೆಚ್ಚಾಗಿ ಯಾರು ಅಂತ ನಿಮಗೇ ಗೊತ್ತಿದೆ. ದಲಿತ ಕೇರಿ, ಹಸಲರು, ಗೌಡಲು, ಮೇದರ ಮನೆಗಳು, ಲಂಬಾಣಿ ತಾಂಡಾ, ಹಕ್ಕಿಪಿಕ್ಕಿ ಕ್ಯಾಂಪು. ಕಾನಿನ, ಅಂದರೆ ಕಾಡಿನ, ಅಂಚಿನಲ್ಲಿ ಬಗರ್‌ಹುಕುಂ (ಮಂಜೂರಾತಿ ಇಲ್ಲದ ಸಾಗುವಳಿ) ಮಾಡಿಕೊಂಡು ಕೂತವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು, ಕಾಡಿನ ನಡುವೆ ಬಂದು ಸೇರಿ, ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಮುಳುಗಡೆ ಸಂತ್ರಸ್ತರು. ತೋಟದ ಕೆಲಸಕ್ಕೆ ಬಯಲುಸೀಮೆಯಿಂದ ಬಂದು ನಿಂತವರು. ಇವರೆಲ್ಲರ ಮನೆ ಒಳಗೆ ಮತ್ತೆ ಹೆಂಗಸರು, ಗಂಡ ತೀರಿಕೊಂಡವರು, ಕಾಲು ನಡೆಯದವರು.

ಹೆಸರು ಬರೆಯುವಾಗಲೇ ಮತದಾರರ ಪಟ್ಟಿಯನ್ನೂ ತಾಳೆ ನೋಡಿ. ಪಟ್ಟಿಯಲ್ಲಿ ಹೆಸರಿಲ್ಲದವರು ಕಾನೂನಿನ ಕಣ್ಣಿಗೆ ಗ್ರಾಮಸಭೆಯ ಸದಸ್ಯರೇ ಅಲ್ಲ. 18 ತುಂಬಿದವರು ಈಗ ವರ್ಷಕ್ಕೊಂದೇ ಸಲ ಅಂತ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನ ಇದೆ. ನಮೂನೆ 6 ತುಂಬಿ ಬೂತ್ ಮಟ್ಟದ ಅಧಿಕಾರಿಗೆ ಕೊಟ್ಟರಾಯಿತು.

ವಾರ್ಡ್ ಸಭೆಯನ್ನು ಗಟ್ಟಿಯಾಗಿ ಹಿಡಿಯಿರಿ

ಎಲ್ಲರೂ ಗ್ರಾಮಸಭೆ ಬಗ್ಗೆಯೇ ಮಾತಾಡುತ್ತಾರೆ. ಆದರೆ ಕೆಲಸಗಳ ಬೇಡಿಕೆ, ಫಲಾನುಭವಿಗಳ ಹೆಸರು ಮೊದಲು ಮೇಲೇಳಬೇಕಾದ್ದು ವಾರ್ಡ್ ಸಭೆಯಲ್ಲಿ. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಇದಕ್ಕೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ಇಷ್ಟು: ವಾರ್ಡಿನ ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 20 ಜನ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ಶೇ. 30 ಹೆಂಗಸರಿರಬೇಕು. ಪರಿಶಿಷ್ಟ ಜಾತಿ, ಪಂಗಡದವರು ಆ ವಾರ್ಡಿನ ಜನಸಂಖ್ಯೆಯಲ್ಲಿ ಎಷ್ಟಿದ್ದಾರೋ ಸಾಧ್ಯವಾದಷ್ಟು ಅದೇ ಪ್ರಮಾಣದಲ್ಲಿ ಇರಬೇಕು.

ಇದನ್ನು ಎರಡು ಥರ ಓದಬೇಕು. ಒಂದು, ಬರೀ 20 ಜನ ಬಂದು ಇಡೀ ವಾರ್ಡಿನ ಪರವಾಗಿ ಪಟ್ಟಿ ಮಾಡಿಬಿಡಬಹುದು. ಆ 20 ಜನ ಒಂದೇ ಓಣಿಯವರಾದರೆ ಕಥೆ ಮುಗೀತು. ಇನ್ನೊಂದು, ಕೇರಿಯಿಂದ 20 ಜನ ಹೊರಟರೂ ಸಾಕು, ಸಭೆಯ ರೂಪವೇ ಬದಲಾಗುತ್ತದೆ. ಸಭೆ ಶುರುವಾದ ಕೂಡಲೇ ನೋಡಲ್ ಅಧಿಕಾರಿಗೆ (ಸಭೆಯ ಮೇಲ್ವಿಚಾರಣೆಗೆ ನೇಮಿಸಿದವರು) ಗೌರವದಿಂದಲೇ ಹೇಳಿ: "ಸರ್, ಹೆಂಗಸರೆಷ್ಟು, ಎಸ್ಸಿ ಎಸ್ಟಿಯವರೆಷ್ಟು ಅಂತ ಒಂದ್ಸಲ ಎಣಿಸಿ ಪುಸ್ತಕದಲ್ಲಿ ಬರೀರಿ." ಇಷ್ಟು ಕೇಳಿದರೆ ಮುಂದಿನ ಸಲ ಅವರೇ ಮೊದಲು ಕೇರಿಗೆ ಹೇಳಿ ಕಳಿಸುತ್ತಾರೆ.

ಜಾಗ ಮತ್ತು ಹೊತ್ತಿನ ವಿಚಾರದಲ್ಲಿ ಹಟ ಹಿಡಿಯಿರಿ. ಇದು ಸಣ್ಣ ಮಾತಲ್ಲ. ದೇವಸ್ಥಾನದ ಸಭಾಭವನದಲ್ಲಿ ವಾರ್ಡ್ ಸಭೆ ಇಟ್ಟರೆ ಕೇರಿಯ ಹಿರಿಯರು ಮೆಟ್ಟಿಲ ಕೆಳಗೇ ನಿಲ್ಲುತ್ತಾರೆ, ಒಳಗೆ ಬನ್ನಿ ಅಂತ ನೀವು ಎಷ್ಟು ಕರೆದರೂ ಅಷ್ಟೇ. ಯಾರದೋ ಅಡಿಕೆ ಅಂಗಳದಲ್ಲಿ ಇಟ್ಟರೆ ಆ ಮನೆಯ ಕೂಲಿಯವರು ಬಾಯಿ ತೆಗೆಯುವುದಿಲ್ಲ. ಶಾಲೆ, ಅಂಗನವಾಡಿ ಪರವಾಗಿಲ್ಲ. ಅದಕ್ಕಿಂತ ಒಳ್ಳೆಯದು, ಒಂದು ಸಲ ಕೇರಿಯಲ್ಲೇ, ತಾಂಡಾದಲ್ಲೇ, ಹಾಡಿಯಲ್ಲೇ ಇಡಿ. ಮೇಲಿನ ಮನೆಯವರು ಅಲ್ಲಿಗೆ ನಡೆದು ಬರಲಿ. ಹಳ್ಳ ದಾಟಿ ಬಂದವರಿಗೆ ಕಾಲುಸಂಕ ಯಾಕೆ ಬೇಕು ಅಂತ ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.

ಹೊತ್ತು. ಬೆಳಿಗ್ಗೆ 11ಕ್ಕೆ ಸಭೆ ಅಂದರೆ ಕೂಲಿಗೆ ಹೋಗುವವರಿಗೆ ಆ ದಿನದ ದುಡಿಮೆ ಹೋಯಿತು ಅಂತಲೇ ಲೆಕ್ಕ. ನೆಟ್ಟಿ ಸಮಯದಲ್ಲಿ, ಅಡಿಕೆ ಕೊನೆ ಕೊಯ್ಲು ನಡೆಯುವಾಗ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಸಭೆ ಕರೆದು "ಜನ ಬರೋದೇ ಇಲ್ಲ" ಅನ್ನುವುದು ನ್ಯಾಯ ಅಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಅನುಕೂಲ ಅಂತ ಅವರನ್ನೇ ಕೇಳಿ, ಅದನ್ನು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರೆದು ಕೊಡಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವ ತನಕ ಲಾಂಚ್ ಸಮಯ ನೋಡಿಕೊಂಡೇ ಎಲ್ಲ ಕೆಲಸ ಹೊಂದಿಸಿಕೊಳ್ಳುತ್ತಿದ್ದರು. ಒಂಟಿ ಮನೆಗಳ ನಾಡು ನಮ್ಮದು, ಮಳೆಗಾಲದಲ್ಲಿ ಕಾಡು ದಾರಿ, ಕತ್ತಲಾದ ಮೇಲೆ ಹೆಂಗಸರು ಒಬ್ಬೊಬ್ಬರೇ ವಾಪಸ್ ಹೋಗುವುದು ಕಷ್ಟ. ಯಾರಾದರೂ ಒಂದು ಗಾಡಿ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ನೋಟಿಸ್ ಹಾಕಿದರೆ ತಿಳಿಸಿದ ಹಾಗೆ ಅಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಅದು ಸಭೆ ಮುಗಿದ ಮೇಲೆ ತಲುಪುತ್ತದೆ. ರೇಷನ್ ಕೊಡುವ ದಿನ ನ್ಯಾಯಬೆಲೆ ಅಂಗಡಿ ಮುಂದೆ ಹೇಳಿ, ನೀರುಗಂಟಿಗೆ ಹೇಳಿ, ಆಶಾ ಕಾರ್ಯಕರ್ತೆಗೆ ಹೇಳಿ. ಅಂಗವಿಕಲರ ವಿಷಯಕ್ಕೆ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಜೊತೆಗೆ ಸೇರಿಸಿಕೊಳ್ಳಿ.

ಸಭೆಗೆ ಮುಂಚೆ ಒಂದು ಸಂಜೆ

ಸುಮ್ನೆ ಕರೆತಂದು ಕೂರಿಸಿದರೆ ಯಾರೂ ಮಾತಾಡಲ್ಲ. ಮೈಕ್ ಕೊಟ್ಟರೆ ಇನ್ನೂ ಮಾತಾಡಲ್ಲ. ಸಭೆಗೆ ಒಂದು ವಾರ ಮುಂಚೆ ಕೇರಿಯಲ್ಲೇ ಒಂದು ಸಂಜೆ ಕೂರಿ. ಹೆಂಗಸರು ಬೇರೆಯಾಗಿ ಸ್ವಲ್ಪ ಹೊತ್ತು ಕೂರಲಿ, ಅವರ ಬೇಡಿಕೆಯೇ ಬೇರೆ ಇರುತ್ತದೆ. ಗಂಡಸರು ರಸ್ತೆ ಅಂತಾರೆ, ಹೆಂಗಸರು ನೀರು, ಶೌಚಾಲಯ, ಊರೊಳಗಿನ ಸಾರಾಯಿ ಮಾರಾಟ ಅಂತಾರೆ.

ಬೇಡಿಕೆ ಹತ್ತಿರಲಿ, ಇಪ್ಪತ್ತಿರಲಿ, ಸಭೆಗೆ ಮೂರೇ ತೆಗೆದುಕೊಂಡು ಹೋಗಿ. ಮೊದಲನೆಯದು ಯಾವುದು ಅಂತ ಅವರೇ ಜಗಳ ಆಡಿ ತೀರ್ಮಾನ ಮಾಡಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. ಮೂರನ್ನೂ ಹಾಳೆಯಲ್ಲಿ ಬರೆದು, ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ, ಪಂಚಾಯ್ತಿಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಸೀಲು ಬಿದ್ದ ಕಾಗದ ಕೈಯಲ್ಲಿದ್ದರೆ ಮಾತಾಡುವವರ ಧೈರ್ಯವೇ ಬೇರೆ. ಮಾತಾಡಲು ಇಬ್ಬರನ್ನು ಆರಿಸಿ. ಒಬ್ಬರು ಹೆದರಿ ನಿಲ್ಲಿಸಿದರೆ ಇನ್ನೊಬ್ಬರು ಮುಂದುವರಿಸುತ್ತಾರೆ.

ನೀವು ಆ ಸಮುದಾಯದವರಲ್ಲದಿದ್ದರೆ ಅವರ ಪರವಾಗಿ ನೀವೇ ಮಾತಾಡಬೇಡಿ, ಎಷ್ಟೇ ಚೆನ್ನಾಗಿ ಮಾತಾಡಬಲ್ಲವರಾದರೂ. ನಿಮ್ಮ ಕೆಲಸ ಒಂದೇ. ಅವರು ಮಾತಾಡುವಾಗ ಯಾರಾದರೂ ಅಡ್ಡ ಬಾಯಿ ಹಾಕಿದರೆ, "ಅವರು ಮುಗಿಸಲಿ" ಅಂತ ಹೇಳುವುದು.

ಇನ್ನು ಕೂರುವ ವಿಚಾರ. ಮುಂದೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಹಿಂದೆ ಉಳಿದವರೆಲ್ಲ ನಿಂತಿರುವುದು ನಮ್ಮ ಸಭೆಗಳ ಮಾಮೂಲಿ ಚಿತ್ರ. ಎಲ್ಲರಿಗೂ ಕುರ್ಚಿ ಹಾಕಿ. ಇಲ್ಲದಿದ್ದರೆ ಎಲ್ಲರೂ ಜಮಖಾನೆ ಮೇಲೆ ಕೂರಲಿ, ಅಧಿಕಾರಿಯೂ ಸೇರಿ. ಮಂಡಿ ನೋವಿದ್ದವರಿಗೆ ಮಾತ್ರ ಕುರ್ಚಿ. ಚಹಾ ಒಂದೇ ಥರದ ಲೋಟದಲ್ಲಿ ಕೊಡಿ. ಹೊರಗಿನವರಿಗೆ ಇದು ಸಣ್ಣದು ಅನ್ನಿಸಬಹುದು, ಆದರೆ ಸಭೆಗೆ ಬಂದ ಹಿರಿಯರು ಮನೆಗೆ ಹೋಗಿ ಹೇಳುವ ಮೊದಲ ಮಾತೇ ಇದು.

ನಡಾವಳಿ ಪುಸ್ತಕದ ಮೇಲೆ ಕಣ್ಣಿಡಿ

ಗ್ರಾಮಸಭೆಯ ನಿಜವಾದ ಅಧಿಕಾರ ಸಭೆಯ ತೀರ್ಮಾನ ಬರೆಯುವ ಆ ದಪ್ಪ ರಟ್ಟಿನ ಪುಸ್ತಕದಲ್ಲಿದೆ. ಅದನ್ನು ಒಂದ್ಸಲ ಹತ್ತಿರದಿಂದ ನೋಡಿ. ಮೇಲೆ ತಾರೀಕು, ಸ್ಥಳ, ಅಧ್ಯಕ್ಷತೆ ಯಾರದ್ದು ಅಂತ ಎರಡು ಸಾಲು ಇರುತ್ತದೆ. ಕೆಳಗೆ ಪುಟ ಖಾಲಿ. ಅದರ ಮುಂದಿನ ಪುಟದಿಂದ ಸಹಿಗಳು, ನೀಲಿ ಇಂಕಿನ ಹೆಬ್ಬೆಟ್ಟುಗಳು. ಹಾಜರಾತಿ ಅಂತ ಹೇಳಿ ಮೊದಲೇ ಸಹಿ ತೆಗೆದುಕೊಂಡು, ಖಾಲಿ ಪುಟ ಆಮೇಲೆ ಕಚೇರಿಯಲ್ಲಿ ತುಂಬುವ ಅಭ್ಯಾಸ ಬೇಕಾದಷ್ಟು ಕಡೆ ಇದೆ. ಕೆಲವು ಸಲ ಪುಸ್ತಕವೇ ಮನೆ ಮನೆಗೆ ಬರುತ್ತದೆ. ಹೆಂಗಸರು ಒಲೆ ಮುಂದಿನಿಂದ ಎದ್ದು ಬಂದು, ಕೈ ಒರೆಸಿಕೊಂಡು, ಏನು ಎತ್ತ ಕೇಳದೆ ಬೆರಳು ಒತ್ತುತ್ತಾರೆ. ಆ ಬೆರಳಚ್ಚಿನ ಮೇಲೆ ಅವರು ಕೇಳದ ಕಾಮಗಾರಿ ಪಾಸಾಗುತ್ತದೆ.

ಆದ್ದರಿಂದ ಹಾಜರಾತಿ ಸಹಿಗೆ ಬೇರೆ ಹಾಳೆ ಕೇಳಿ. ನಿರ್ಣಯಗಳನ್ನು ಸಭೆಯಲ್ಲೇ ಬರೆಸಿ. ಮುಗಿಯುವ ಮುಂಚೆ ಒಬ್ಬರು ಗಟ್ಟಿಯಾಗಿ ಓದಲಿ, ಸಂಘದ ಲೆಕ್ಕ ಬರೆಯುವ ಹುಡುಗಿಯೋ, ಕಾಲೇಜಿಗೆ ಹೋಗುವ ಹುಡುಗನೋ. ಕೊನೆ ಸಾಲಿನ ಕೆಳಗೆ ಅಡ್ಡ ಗೆರೆ ಹಾಕಿಸಿ, ಅದರ ಕೆಳಗೇ ಸಹಿ ಶುರುವಾಗಲಿ. ಮೊಬೈಲಿನಲ್ಲಿ ಆ ಪುಟಗಳ ಫೋಟೋ ತೆಗೆದುಕೊಳ್ಳಿ. ಯಾರಾದರೂ ಬೇಡ ಅಂದರೆ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುತ್ತೇವೆ ಅಂತ ಮೆತ್ತಗೆ ಹೇಳಿ. ಮುಂದಿನ ಸಭೆಯಲ್ಲಿ ಮೊದಲು ಓದಬೇಕಾದ್ದು ಇದೇ ಪುಟ: ಹೋದ ಸಲ ಏನಂದೆವು, ಏನಾಯಿತು, ಏನಾಗಲಿಲ್ಲ, ಯಾಕಾಗಲಿಲ್ಲ.

ಅಧ್ಯಕ್ಷೆಯ ಬದಲು ಅವರ ಗಂಡ ಕುರ್ಚಿಯಲ್ಲಿ ಕೂತಿದ್ದರೆ? ಗಂಡನ ಜೊತೆ ಜಗಳಕ್ಕೆ ಇಳಿಯಬೇಡಿ. ಪ್ರಶ್ನೆಯನ್ನು ಅಧ್ಯಕ್ಷೆಯ ಕಡೆ ನೋಡಿಯೇ ಕೇಳಿ, "ಅಧ್ಯಕ್ಷರೇ" ಅಂತಲೇ ಕೂಗಿ, ಉತ್ತರ ಬೇರೆಯವರಿಂದ ಬಂದರೆ ಮತ್ತೆ ಅವರನ್ನೇ ಕೇಳಿ. ಸಂಘದ ಹೆಂಗಸರು ಸಭೆಗೆ ಮುಂಚೆ ಅವರ ಮನೆಗೆ ಹೋಗಿ ವಿಷಯ ಮಾತಾಡಿ ಬಂದಿದ್ದರೆ ಅವರಿಗೂ ಧೈರ್ಯ. ಅಧ್ಯಕ್ಷೆ ಅಥವಾ ಸದಸ್ಯರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು, ಬೇರೆ ಜಾತಿಯ ಯಾರಾದರೂ ಅವರನ್ನು ಬೆದರಿಸಿ ಕೆಲಸ ಮಾಡಲು ಬಿಡದಿದ್ದರೆ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಹೇಳಿ.

ಇನ್ನು ಜಗಲಿ ಸಭೆ, ಊರ ಸಭೆ

ಇದು ಕಷ್ಟದ ಭಾಗ. ಇಲ್ಲಿ ಕೋರಂ ಇಲ್ಲ, ನಡಾವಳಿ ಇಲ್ಲ. ಊರ ಗೌಡರು, ದೇವಸ್ಥಾನ ಸಮಿತಿ, ಜಾತ್ರೆ ಸಮಿತಿ ಇರುತ್ತಾರೆ. ತಾಂಡಾದಲ್ಲಿ ನಾಯಕ, ಡಾವ್, ಕಾರಭಾರಿ ಅನ್ನುವ ಮುಖ್ಯಸ್ಥರು ಇರುತ್ತಾರೆ. ಇವರನ್ನು ವಿರೋಧಿಸಿಕೊಂಡು ಶುರು ಮಾಡಿದರೆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚುತ್ತದೆ. ಅವರ ಸಭೆಯಲ್ಲಿ ಒಳ್ಳೆಯದೂ ಇದೆ. ಯಾವ ಕೆರೆಯ ತೂಬು ಯಾವಾಗ ತೆಗೆಯಬೇಕು, ಗಡಿ ಕಲ್ಲು ಎಲ್ಲಿತ್ತು, ಯಾವ ಮನೆಯಲ್ಲಿ ಕಷ್ಟ ಇದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ತಾಲ್ಲೂಕು ಕಚೇರಿಗೆ ಗೊತ್ತಿಲ್ಲ.

ನನ್ನ ಸಲಹೆ: ಜಾತ್ರೆ ಲೆಕ್ಕದಿಂದ ಶುರು ಮಾಡಿ. ಮಾರಿ ಜಾತ್ರೆ ಅಂದರೆ ಒಂದೊಂದು ಸಮುದಾಯಕ್ಕೂ ಒಂದೊಂದು ಕೆಲಸ ಹಂಚಿದೆ, ಅವರಿಲ್ಲದೆ ಜಾತ್ರೆ ಆಗುವುದೇ ಇಲ್ಲ. ವಂತಿಗೆ ಪಟ್ಟಿ ಎಲ್ಲರ ಮನೆಗೂ ಬರುತ್ತದೆ. ಆದರೆ ಸಮಿತಿಯಲ್ಲಿ ಹೆಸರು ಓದಿ ನೋಡಿ, ಕೇರಿಯವರು ಎಷ್ಟಿದ್ದಾರೆ? ಹೆಂಗಸರು? "ವಂತಿಗೆ ಕೊಟ್ಟ ಮನೆಯವರೆಲ್ಲ ಲೆಕ್ಕ ಕೇಳಬಹುದು, ಪ್ರತಿ ಕೇರಿಯಿಂದ ಒಬ್ಬರು ಗಂಡಸು, ಒಬ್ಬರು ಹೆಂಗಸು ಸಮಿತಿಯಲ್ಲಿ ಇರಲಿ" ಅನ್ನುವ ಮಾತಿಗೆ ಎದುರು ಹೇಳುವುದು ಹಿರಿಯರಿಗೂ ಕಷ್ಟ, ಅದರಲ್ಲಿ ನ್ಯಾಯ ಇದೆ ಅಂತ ಅವರಿಗೂ ಗೊತ್ತು. ಮೊದಲು ಒಬ್ಬ ಹಿರಿಯರ ಮನಸ್ಸು ಒಲಿಸಿ. ಊರಿಗೊಬ್ಬರಾದರೂ ಅಂಥವರು ಸಿಗುತ್ತಾರೆ. ಮಾತು ಅವರ ಬಾಯಿಂದ ಬಂದರೆ ಅರ್ಧ ಗೆದ್ದ ಹಾಗೆ. ಜಾತ್ರೆ ಲೆಕ್ಕದಲ್ಲಿ ಕೂತವರನ್ನು ಆಮೇಲೆ ಕಾಲುಸಂಕದ ಮಾತುಕತೆಯಿಂದ ಎಬ್ಬಿಸುವುದು ಸುಲಭ ಅಲ್ಲ.

ಕೇರಿಯ, ತಾಂಡಾದ ಒಳಗಿನ ಸಭೆಗೂ ಇದೇ ಪ್ರಶ್ನೆ ಕೇಳಬೇಕು. ಅಲ್ಲೂ ಹೆಂಗಸರ ವಿಷಯ ಹೆಂಗಸರಿಲ್ಲದೆ ತೀರ್ಮಾನ ಆಗುತ್ತದೆ. ಹೊರಗಿನವರು ಹೋಗಿ ಇದನ್ನು ಸರಿ ಮಾಡಲು ಆಗುವುದಿಲ್ಲ, ಅಲ್ಲಿನ ಸಂಘದ ಹೆಂಗಸರೇ ಮಾಡಬೇಕು. ನೀವು ಬೆನ್ನಿಗೆ ನಿಲ್ಲಿ.

"ಪದ್ಧತಿ ಮುರಿಯೋಕಾಗಲ್ಲ" ಅಂತ ಹೇಳುವವರು ಇದ್ದೇ ಇರುತ್ತಾರೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯೂ ಪದ್ಧತಿಯೇ ಆಗಿತ್ತು. 1986ರಲ್ಲಿ ದೊಡ್ಡ ಗಲಾಟೆಯಾಗಿ ನಿಷೇಧ ಆಯಿತು. ರೇಣುಕಾಂಬೆಯ ಜಾತ್ರೆ ಇವತ್ತಿಗೂ ನಡೆಯುತ್ತಿದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಬಹಿಷ್ಕಾರ. ಅಂಗಡಿ ಸಾಮಾನು ಕೊಡಬೇಡಿ, ಕೆಲಸಕ್ಕೆ ಕರೆಯಬೇಡಿ, ಮದುವೆಗೆ ಹೋಗಬೇಡಿ ಅಂತ ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಹೇರಿದರೆ, ಹೇರುತ್ತೇವೆ ಅಂತ ಬೆದರಿಸಿದರೂ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿಯಲ್ಲಿ ಇದು ಸ್ಪಷ್ಟವಾಗಿ ಸೇರಿದೆ. ಊರ ಹಿರಿಯರಿಗೆ ಇದನ್ನು ಜಗಳ ಆಗುವ ಮುಂಚೆಯೇ, ಸಮಾಧಾನದ ಹೊತ್ತಲ್ಲಿ ಹೇಳಿಟ್ಟಿರಿ.

ಅರಣ್ಯ ಹಕ್ಕು: ಎರಡು ಸಭೆ ಸೇರುವ ಜಾಗ

ಬುಡಕಟ್ಟು ಪ್ರದೇಶಗಳಿಗೆ ಸಂಬಂಧಿಸಿದ ಸಂವಿಧಾನದ ಐದನೇ ಅನುಸೂಚಿಯಲ್ಲಿ ಕರ್ನಾಟಕ ಇಲ್ಲ, ಹಾಗಾಗಿ ಅಂಥ ಪ್ರದೇಶಗಳ ಸಾಂಪ್ರದಾಯಿಕ ಸಭೆಗೆ ಅಧಿಕಾರ ಕೊಡುವ ಪೆಸಾ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ನಮ್ಮ ಹಾಡಿಗಳ ಸಾಂಪ್ರದಾಯಿಕ ಸಭೆಗೆ ಆ ದಾರಿ ಇಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಅದರಲ್ಲಿ ಕಾಡಿನ ಜಾಗದ ಹಕ್ಕು ಯಾರದ್ದು ಅಂತ ಮೊದಲು ನೋಡುವುದು ಗ್ರಾಮಸಭೆ. ಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ. ಕನಿಷ್ಠ ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಕನಿಷ್ಠ ಮೂರನೇ ಒಂದು ಭಾಗ ಹೆಂಗಸರು. ನಿಮ್ಮೂರಿನ ಸಮಿತಿಯ ಪಟ್ಟಿ ತೆಗೆಸಿ ನೋಡಿ. ತಾವು ಸಮಿತಿಯಲ್ಲಿದ್ದೇವೆ ಅಂತಲೇ ಗೊತ್ತಿಲ್ಲದ ಸದಸ್ಯರು ಸಿಗಬಹುದು.

ಮುಖ್ಯ ವಿಷಯ ಸಾಕ್ಷ್ಯ. ಕಾಗದ ಇಲ್ಲ ಅಂತ ಜನ ಅರ್ಜಿಯನ್ನೇ ಕೈಬಿಡುತ್ತಾರೆ. ನಿಯಮದಲ್ಲಿ ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದು ಕೊಟ್ಟರೆ ಅದೂ ಸಾಕ್ಷ್ಯ. ಹಳೇ ಬಾವಿ, ಸ್ಮಶಾನ, ದೇವರ ಬನ, ಗದ್ದೆಯ ಬದು ಎಲ್ಲ ಸಾಕ್ಷ್ಯ. ಹೊಸನಗರ ಕಡೆಯ ಒಂದು ಹಾಡಿಯಲ್ಲಿ ಹೀಗೇ ಕೂತಿದ್ದಾಗ ಅಜ್ಜಿಯೊಬ್ಬರು, ಅಷ್ಟು ಹೊತ್ತು ಗೋಡೆಗೆ ಒರಗಿ ಎಲೆಅಡಿಕೆ ಹಾಕಿಕೊಂಡು ಸುಮ್ಮನಿದ್ದವರು, ಎದ್ದು ಎಲ್ಲರನ್ನೂ ಹಿತ್ತಲಾಚೆ ಕರೆದುಕೊಂಡು ಹೋದರು. ಹಲಸಿನ ಮರದ ಕೆಳಗೆ ನಾಲ್ಕು ಕಲ್ಲು. ತಮ್ಮ ಅತ್ತೆ, ಅತ್ತೆಯ ಅತ್ತೆ, ಒಂದು ಮಗು ಅಂತ ಒಂದೊಂದನ್ನೇ ಮುಟ್ಟಿ ಹೇಳಿದರು. ಮೂರು ತಲೆಮಾರಿಗೆ ಬೇರೆ ಕಾಗದ ಯಾಕೆ ಬೇಕು? ಅವರ ಹೇಳಿಕೆ ಬರೆದು, ಕಲ್ಲುಗಳ ಫೋಟೋ ಸೇರಿಸಿದರು. ಇಂಥ ತಿಳುವಳಿಕೆ ಊರಿನ ಹಿರಿಯರ ಬಳಿ ಮಾತ್ರ ಇರುತ್ತದೆ. ಅದಕ್ಕೇ ಎರಡೂ ಸಭೆ ಬೇಕು ಅನ್ನುವುದು.

ಪಂಗಡದವರಲ್ಲದ ಇತರ ಅರಣ್ಯವಾಸಿಗಳಿಗೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ ವಾಸ ಅನ್ನುವ ಷರತ್ತು ಇದೆ. ಇವರಿಗಂತೂ ಹಿರಿಯರ ಹೇಳಿಕೆ ಇಲ್ಲದೆ ಆಗುವುದೇ ಇಲ್ಲ. ಗ್ರಾಮಸಭೆಯ ನಿರ್ಣಯ ಸರಿ ಇಲ್ಲ ಅನ್ನಿಸಿದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಹೋಗಬಹುದು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಬರಬೇಕು, ಒಬ್ಬರದ್ದೇ ಬಂದಿದ್ದರೆ ತಿದ್ದಿಸಿ.

ಹೆದರಿಕೆ

ಜನ ಯಾಕೆ ಮಾತಾಡಲ್ಲ ಅನ್ನುವುದಕ್ಕೆ ತಿಳುವಳಿಕೆ ಇಲ್ಲ ಅಂತ ಕಾರಣ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಎಲ್ಲ ತಿಳಿದಿದೆ. ನಾಳೆ ಕೆಲಸಕ್ಕೆ ಅದೇ ತೋಟಕ್ಕೆ ಹೋಗಬೇಕು, ಮಗಳ ಮದುವೆಗೆ ಅಲ್ಲೇ ಸಾಲ ತಂದಿದೆ, ಮನೆ ಕೂತ ಜಾಗವೂ ಅವರದ್ದೇ. ಇಷ್ಟಿರುವಾಗ ಒಬ್ಬರನ್ನೇ ಎದ್ದು ನಿಲ್ಲಿಸಿ ಮಾತಾಡಿ ಅನ್ನುವುದು ಅವರಿಗೆ ಮಾಡುವ ಅನ್ಯಾಯ.

ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಅಳೆಯುವ ಕೊಳಗ ದೊಡ್ಡದಾಯಿತು ಅಂತ ದೀವರ ಗೇಣಿದಾರರು ಎದ್ದು ನಿಂತಾಗ ಒಬ್ಬೊಬ್ಬರಾಗಿ ನಿಲ್ಲಲಿಲ್ಲ. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಒಟ್ಟಾಗಿ ನಿಂತರು, ಒಟ್ಟಾಗಿ ಜೈಲಿಗೆ ಹೋದರು. ನಿಮ್ಮ ವಾರ್ಡ್ ಸಭೆಯಲ್ಲೂ ಹಾಗೇ ಮಾಡಿ. ಅರ್ಜಿಯಲ್ಲಿ ಎಲ್ಲರ ಸಹಿ ಇರಲಿ, ಮೊದಲ ಸಹಿ ಯಾರದ್ದು ಅಂತ ಗೊತ್ತಾಗದ ಹಾಗೆ ವೃತ್ತಾಕಾರದಲ್ಲಿ ಹಾಕಿದರೂ ಸರಿ. ಕಠಿಣವಾದ ಪ್ರಶ್ನೆಯನ್ನು ಆ ತೋಟಕ್ಕೆ ಕೂಲಿಗೆ ಹೋಗದವರು ಕೇಳಲಿ. ಸಭೆ ಆದ ವಾರದಲ್ಲಿ ಆ ಮನೆಗಳಿಗೆ ಹೋಗಿ ಬನ್ನಿ, ಯಾರನ್ನಾದರೂ ಕೆಲಸದಿಂದ ಬಿಡಿಸಿದ್ದಾರಾ, ದಾರಿ ಮುಚ್ಚಿದ್ದಾರಾ ಅಂತ ಕೇಳಿ.

ಏನಾದರೂ ಆದರೆ ದೌರ್ಜನ್ಯ ತಡೆ ಸಹಾಯವಾಣಿ 14566. ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಸಿಗುತ್ತದೆ, ಜಿಲ್ಲಾ ನ್ಯಾಯಾಲಯದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಎರಡೂ ನಂಬರನ್ನು ಅಂಗನವಾಡಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಮುಂದಿನ ವಾರ್ಡ್ ಸಭೆ ಯಾವತ್ತು, ಎಲ್ಲಿ ಅಂತ ಈ ವಾರವೇ ಪಂಚಾಯ್ತಿಯಲ್ಲಿ ಕೇಳಿಕೊಂಡು ಬಂದು ಆ ತಾರೀಕನ್ನೂ ಅದರ ಪಕ್ಕದಲ್ಲೇ ಬರೆಯಿರಿ.